ಕಾರ್ಖಾನೆ ಬೋರ್ಡ್‌ನಲ್ಲಿ 'ಕಣ್ಣುಗಳನ್ನು ಸುಲಿದುಕೊಂಡಿರಿ': ಇಂಗ್ಲಿಷಿನ ಈ ಎಚ್ಚರಿಕೆ ಮಾತುಗಳನ್ನು ಕನ್ನಡದಲ್ಲಿ ಹೇಗೆ ಬರೆಯೋದು?

ಪ್ರೆಸ್‌ಶಾಪ್_ಸಿ_ಶಿಫ್ಟ್
ಎಲ್ಲರಿಗೂ ನಮಸ್ಕಾರ. ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ವಿಭಾಗದ ಸೂಪರ್‌ವೈಸರ್ ನಾನು. ತಗಡನ್ನು ಡೈ ಅನ್ನೋ ಅಚ್ಚಿನ ಮೇಲಿಟ್ಟು ಒತ್ತಿ ಬ್ರಾಕೆಟ್, ಕ್ಲ್ಯಾಂಪ್ ಮಾಡುವ ಕೆಲಸ. ಗಮನ ಒಂದು ಗಳಿಗೆ ತಪ್ಪಿದರೆ ಬೆರಳೇ ಹೋಗುತ್ತೆ.

ಮೊನ್ನೆ ಹೆಡ್ ಆಫೀಸಿನಿಂದ ಹೊಸ ಸುರಕ್ಷತಾ ಬೋರ್ಡ್‌ಗಳು ಬಂದವು. ಇಂಗ್ಲಿಷಿನಲ್ಲಿದ್ದ ಸಾಲುಗಳನ್ನು ಯಾವುದೋ ಸಾಫ್ಟ್‌ವೇರ್‌ಗೆ ಹಾಕಿ ಕನ್ನಡ ಮಾಡಿದ್ದಾರೆ. 'ಕೀಪ್ ಯುವರ್ ಐಸ್ ಪೀಲ್ಡ್' ಅನ್ನೋದು 'ನಿಮ್ಮ ಕಣ್ಣುಗಳನ್ನು ಸುಲಿದುಕೊಂಡಿರಿ' ಆಗಿದೆ. 'ಸ್ಟೇ ಆನ್ ಯುವರ್ ಟೋಸ್' ಅನ್ನೋದು 'ನಿಮ್ಮ ಕಾಲ್ಬೆರಳುಗಳ ಮೇಲೆ ಇರಿ'. 'ಬಿ ಆನ್ ದ ಬಾಲ್' ಅನ್ನೋದು 'ಚೆಂಡಿನ ಮೇಲೆ ಇರಿ'. ಇನ್ನೊಂದು 'ಡೋಂಟ್ ಬಿ ಅಸ್ಲೀಪ್ ಅಟ್ ದ ಸ್ವಿಚ್'. ಅದು 'ಸ್ವಿಚ್ ಬಳಿ ನಿದ್ರಿಸಬೇಡಿ' ಆಗಿ ಎಲೆಕ್ಟ್ರಿಕಲ್ ಪ್ಯಾನೆಲ್ ಪಕ್ಕ ನೇತಾಡುತ್ತಿದೆ.

ಮೊದಲ ದಿನ ಹುಡುಗರು ನಕ್ಕರು. ಈಗ ಆ ಗೋಡೆ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ನನಗೆ ಚಿಂತೆ ಆಗಿರೋದು ಅದೇ. ಬೋರ್ಡ್ ಅಂದ್ರೆ ತಮಾಷೆ ಅಂತ ಒಮ್ಮೆ ಮನಸ್ಸಿಗೆ ಬಂದರೆ, ನಾಳೆ ನಿಜವಾದ ಎಚ್ಚರಿಕೆ ಹಾಕಿದರೂ ಓದುವುದಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿದೆ. 'ನೀವೇ ಸರಿಯಾದ ಕನ್ನಡ ಬರೆದುಕೊಡಿ' ಅಂದರು.

ಹಾಗಾಗಿ ಎರಡು ಪ್ರಶ್ನೆ. ಈ ಇಂಗ್ಲಿಷ್ ಮಾತುಗಳು ಎಲ್ಲಿಂದ ಬಂದವು, ಅವುಗಳ ನಿಜವಾದ ಅರ್ಥ ಏನು? ಅವುಗಳ ಜಾಗದಲ್ಲಿ ನಾವು ಏನು ಬರೆಯಬಹುದು? ನಮ್ಮಲ್ಲಿ ಅರ್ಧ ಜನ ರಾಯಚೂರು, ಯಾದಗಿರಿ ಕಡೆಯವರು. ಉಳಿದವರಿಗೆ ಹಿಂದಿ ಬೋರ್ಡ್ ಬೇರೆ ಬರುತ್ತೆ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಪೀಲ್ ಅಂದ್ರೆ ಇಲ್ಲಿ ಸಿಪ್ಪೆ ತೆಗೆಯುವುದು. ಕಣ್ಣಿಗೆ ರೆಪ್ಪೆಯೇ ಸಿಪ್ಪೆ ಅಂದುಕೊಳ್ಳಿ, ಅದನ್ನು ಮುಚ್ಚಬೇಡ ಅಂತ ಅರ್ಥ. ಆನ್ ಯುವರ್ ಟೋಸ್ ಅಂದ್ರೆ ಹಿಮ್ಮಡಿ ಊರಿ ನಿಲ್ಲದೆ ತುದಿಗಾಲಲ್ಲಿ ನಿಲ್ಲೋದು, ಯಾವ ಕಡೆ ಬೇಕಾದರೂ ಜಿಗಿಯೋಕೆ ತಯಾರಾಗಿ. ನಮ್ಮಲ್ಲೂ 'ತುದಿಗಾಲಲ್ಲಿ ನಿಂತಿದ್ದಾನೆ' ಅಂತೀವಿ. ಆದರೆ ಅದು ಎಚ್ಚರಕ್ಕಿಂತ ಜಾಸ್ತಿ ಕಾತರಕ್ಕೆ ಹೇಳೋ ಮಾತು, ಬೋರ್ಡ್‌ಗೆ ಆಗಲ್ಲ.

ಕನ್ನಡದಲ್ಲಿ ಎಚ್ಚರದ ಮಾತಿಗೆ ಬರವಿಲ್ಲ. ಮೈಯೆಲ್ಲ ಕಣ್ಣಾಗಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹದ್ದಿನ ಕಣ್ಣಿಡಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿರಿ. ಇವುಗಳಲ್ಲಿ ಯಾವುದನ್ನಾದರೂ ಧೈರ್ಯವಾಗಿ ಬರೆಯಿರಿ.

ಜಯನಗರ_4ನೇ_ಟಿ
ಪೀಲ್ಡ್ ಬಂದಿರೋದು ರಾಬರ್ಟ್ ಪೀಲ್ ಹೆಸರಿನಿಂದ ಅಲ್ವಾ? 1829ರಲ್ಲಿ ಲಂಡನ್ ಪೊಲೀಸ್ ಪಡೆ ಕಟ್ಟಿದವರು. ಆಗಿನ ಪೊಲೀಸರನ್ನು ಪೀಲರ್ ಅಂತಲೇ ಕರೀತಿದ್ರು. ಪೊಲೀಸರ ಹಾಗೆ ಕಣ್ಣಿಟ್ಟಿರು ಅಂತ.

ಪದಕೋಶ_ಪ್ರಿಯೆ
ಪೀಲರ್ ಅನ್ನೋ ಹೆಸರು ನಿಜ, 1829 ಕೂಡ ನಿಜ. ಆದರೆ ಈ ನುಡಿಗಟ್ಟಿಗೂ ಅವರಿಗೂ ಸಂಬಂಧ ಇಲ್ಲ. ಇದು ಅಮೆರಿಕದಲ್ಲಿ ಬೆಳೆದ ಮಾತು. ಅದರ ಜೊತೆಜೊತೆಗೆ 'ಐಸ್ ಸ್ಕಿನ್ಡ್' ಅಂತಲೂ ಹೇಳುತ್ತಿದ್ದರು. ಸ್ಕಿನ್ ಅಂದ್ರೂ ಸಿಪ್ಪೆ ತೆಗೆಯೋದೇ. ಪೀಲ್ ಅನ್ನೋ ಮನುಷ್ಯನಿಂದ ಬಂದಿದ್ದರೆ ಸ್ಕಿನ್ ಯಾಕೆ ಬರಬೇಕು?

ಆನ್ ದ ಬಾಲ್ ಬಗ್ಗೆಯೂ ಇಂಥದ್ದೇ ಒಂದು ಕತೆ ಓಡಾಡುತ್ತಿದೆ. ಗ್ರೀನಿಚ್ ವೀಕ್ಷಣಾಲಯದ ಗೋಪುರದ ಮೇಲೆ 1833ರಿಂದ ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಒಂದು ದೊಡ್ಡ ಚೆಂಡು ಕೆಳಗೆ ಇಳಿಯುತ್ತೆ. ಥೇಮ್ಸ್ ನದಿಯಲ್ಲಿದ್ದ ಹಡಗುಗಳು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವು. ಮಾತು ಅಲ್ಲಿಂದ ಬಂತು ಅಂತಾರೆ. ಚೆಂಡು ನಿಜ, ಮಾತು ಮಾತ್ರ ಆಟದ ಮೈದಾನದ್ದು. ಬ್ಯಾಟ್ ಹಿಡಿದವನಿಗೆ 'ಚೆಂಡಿನ ಮೇಲೆ ಕಣ್ಣಿಡು' ಅಂತ ಹೇಳಿಕೊಡುವ ಪಾಠ.

ಹಳಿ_ಪಕ್ಕದ_ಮನೆ
'ಸ್ವಿಚ್' ಅಂತ ಬರೆದಿರೋ ಬೋರ್ಡ್ ಬಗ್ಗೆ ನಾನು ಹೇಳ್ತೀನಿ, ರೈಲ್ವೆಯಲ್ಲಿದ್ದೇನೆ. ಅದು ಕರೆಂಟ್ ಸ್ವಿಚ್ ಅಲ್ಲವೇ ಅಲ್ಲ. ಅಮೆರಿಕದ ರೈಲ್ವೆಯಲ್ಲಿ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಕ್ಕೆ ಸ್ವಿಚ್ ಅಂತಾರೆ. ನಾವು ಪಾಯಿಂಟ್ ಅಂತೀವಿ, ಅದನ್ನು ನೋಡಿಕೊಳ್ಳೋರು ಪಾಯಿಂಟ್ಸ್‌ಮನ್. ಹಿಂದೆಲ್ಲ ಅಲ್ಲಿ ಒಬ್ಬ ಮನುಷ್ಯ ನಿಂತು ಕೈಯಿಂದ ಲಿವರ್ ಎಳೆಯಬೇಕಿತ್ತು. ಅವನು ತೂಕಡಿಸಿದರೆ ಎರಡು ಗಾಡಿ ಎದುರುಬದುರು. ಹೊಣೆ ಹೊತ್ತವನು ಮೈಮರೆತ ಅನ್ನೋದಕ್ಕೆ ಆ ಮಾತು ಉಳಿದುಕೊಂಡಿದೆ.

ಈಗ ನಮ್ಮ ಎಂಜಿನ್‌ಗಳಲ್ಲಿ ಎಚ್ಚರ ಪರೀಕ್ಷಿಸುವ ಒಂದು ಸಾಧನವೇ ಇದೆ. ಲೋಕೊ ಪೈಲಟ್ 60 ಸೆಕೆಂಡ್ ಯಾವ ಹಿಡಿಯನ್ನೂ ಮುಟ್ಟದೆ ಕೂತರೆ ಮೊದಲು ದೀಪ ಮಿನುಗುತ್ತೆ. ಆಮೇಲೆ ಬಜರ್ ಕೂಗುತ್ತೆ. ಆಗಲೂ ಬಟನ್ ಒತ್ತದಿದ್ದರೆ ತಾನಾಗಿ ಬ್ರೇಕ್ ಬೀಳುತ್ತೆ. ಅದರ ಜೊತೆಗೆ ಪೈಲಟ್, ಸಹಾಯಕ ಇಬ್ಬರೂ ಪ್ರತಿ ಸಿಗ್ನಲ್ ಕಂಡಾಗ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮತ್ತೆ ಹೇಳಬೇಕು. ಜಪಾನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೆರಳು ತೋರಿಸಿಯೂ ಕೂಗುತ್ತಾರೆ. 'ಎಚ್ಚರವಾಗಿರಿ' ಅಂತ ಯಾರೂ ಯಾರಿಗೂ ಹೇಳಲ್ಲ. ಬಾಯಿ, ಕೈ, ಕಣ್ಣಿಗೆ ಕೆಲಸ ಕೊಡ್ತಾರೆ, ಎಚ್ಚರ ತಾನಾಗಿ ಬರುತ್ತೆ.

ಪ್ರೆಸ್‌ಶಾಪ್_ಸಿ_ಶಿಫ್ಟ್
@ಹಳಿ_ಪಕ್ಕದ_ಮನೆ ಇದು ಉಪಯೋಗಕ್ಕೆ ಬರುವ ಮಾತು. ಕೂಗಿ ಹೇಳೋದು ಪ್ರೆಸ್ ಶಾಪ್‌ನಲ್ಲಿ ಆಗಲ್ಲ, ಗದ್ದಲಕ್ಕೆ ಎಲ್ಲರ ಕಿವಿಯಲ್ಲೂ ಇಯರ್‌ಪ್ಲಗ್. ಬೆರಳು ತೋರಿಸೋದು ಆಗಬಹುದು.

ಮೂರನೇ_ಮೇಟ್
ಹಡಗಿನಿಂದ ನಮಸ್ಕಾರ, ಊರು ಹೊನ್ನಾವರ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ಸೇರಿಸ್ತೀನಿ, 'ಕೀಪ್ ಎ ವೆದರ್ ಐ ಓಪನ್'. ಹಾಯಿಹಡಗಿನ ಕಾಲದ್ದು. ಗಾಳಿ ಬೀಸಿ ಬರುವ ಪಕ್ಕಕ್ಕೆ ವೆದರ್ ಸೈಡ್ ಅಂತ ಹೆಸರು. ಬಿರುಗಾಳಿ ಬರೋದು ಆ ದಿಕ್ಕಿನಿಂದಲೇ. ಆದ್ದರಿಂದ ಕೈ ಏನು ಕೆಲಸ ಮಾಡುತ್ತಿದ್ದರೂ ಒಂದು ಕಣ್ಣು ಆ ಕಡೆ ಇರಲಿ ಅಂತ. ಯಾವ ದಿಕ್ಕಿಗೆ ನೋಡಬೇಕು ಅನ್ನೋದು ಆ ಮಾತಿನಲ್ಲೇ ಇದೆ, ಗಮನಿಸಿ.

ಈಗಲೂ ನಮ್ಮ ಕೆಲಸ ಅದೇ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 5ನೆಯದು ಕಾವಲಿನ ಬಗ್ಗೆ. ಪ್ರತಿ ಹಡಗೂ ಎಲ್ಲ ಹೊತ್ತಿನಲ್ಲೂ ಕಣ್ಣಿಂದ, ಕಿವಿಯಿಂದ ಸರಿಯಾಗಿ ಕಾಯುತ್ತಿರಬೇಕು ಅನ್ನುತ್ತೆ. ರೇಡಾರ್ ಇದೆ ಅಂತ ಕಣ್ಣಿಗೆ ರಜೆ ಇಲ್ಲ.

ರಾತ್ರಿ 12ರಿಂದ 4ರ ಪಾಳಿ ಶುರುವಾಗುವ ಮೊದಲೇ ಹಡಗು ನಡೆಸುವ ಕೋಣೆ, ಅಂದ್ರೆ ಬ್ರಿಜ್‌ಗೆ ಹೋಗಿ ಕತ್ತಲಲ್ಲಿ ನಿಲ್ತೀವಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳೋಕೆ ಸುಮಾರು ಅರ್ಧ ಗಂಟೆ ಬೇಕು. ನಕ್ಷೆಯ ಮೇಜಿನ ಮೇಲೆ ಕೆಂಪು ದೀಪ ಇಟ್ಟಿರೋದು ಅದಕ್ಕೇ. ಯಾರಾದರೂ ಒಂದು ಕ್ಷಣ ಮೊಬೈಲ್ ತೆರೆದರೆ ಅಷ್ಟು ಹೊತ್ತು ಕಾದಿದ್ದೆಲ್ಲ ನೀರುಪಾಲು. ಇನ್ನೊಂದು ಹೇಳಿಕೊಡ್ತಾರೆ: ದೂರದಲ್ಲಿ ಮಂದವಾದ ದೀಪ ಇದೆ ಅನ್ನಿಸಿದರೆ ಅದನ್ನೇ ನೇರವಾಗಿ ನೋಡಬೇಡ, ಸ್ವಲ್ಪ ಪಕ್ಕಕ್ಕೆ ನೋಡು. ಕತ್ತಲಲ್ಲಿ ಕೆಲಸ ಮಾಡುವ ಜೀವಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಮೊದಲ ಸಲ ಮಾಡಿ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ. ನೇರ ನೋಡಿದರೆ ದೀಪ ಮಾಯ, ಪಕ್ಕಕ್ಕೆ ನೋಡಿದರೆ ಅಲ್ಲೇ ಇದೆ.

ಬನಶಂಕರಿ_ಓದುಗ
ಟೈಟಾನಿಕ್‌ನಲ್ಲಿ ಇದನ್ನೆಲ್ಲ ಮಾಡಿದ್ದರೆ ಅಷ್ಟು ಜನ ಉಳೀತಿದ್ರು. ಕಾವಲಿನವರು ನಿದ್ದೆ ಮಾಡ್ತಿದ್ರು ಅಂತ ಎಲ್ಲೋ ಓದಿದ ನೆನಪು.

ಮೂರನೇ_ಮೇಟ್
ಖಂಡಿತ ಇಲ್ಲ. ಆ ಇಬ್ಬರ ಬಗ್ಗೆ ಹೀಗೆ ಹೇಳೋದು ಅನ್ಯಾಯ. 1912ರ ಏಪ್ರಿಲ್ 14ರ ರಾತ್ರಿ ಹಡಗಿನ ಕಂಬದ ಮೇಲಿನ ಗೂಡಿನಲ್ಲಿ ಫ್ರೆಡರಿಕ್ ಫ್ಲೀಟ್, ರೆಜಿನಾಲ್ಡ್ ಲೀ ಇದ್ದರು. 10 ಗಂಟೆಗೆ ಪಾಳಿಗೆ ಬಂದಿದ್ದರು. ಮಂಜುಗಡ್ಡೆ ಇದೆ, ನೋಡಿಕೊಳ್ಳಿ ಅಂತ ಅವರಿಗೆ ಮೊದಲೇ ಹೇಳಲಾಗಿತ್ತು. 11:40ರ ಹೊತ್ತಿಗೆ ಕಂಡ ತಕ್ಷಣ ಫ್ಲೀಟ್ ಮೂರು ಸಲ ಗಂಟೆ ಹೊಡೆದು ಫೋನಿನಲ್ಲಿ ಬ್ರಿಜ್‌ಗೆ ತಿಳಿಸಿದರು. ಎಚ್ಚರ ಪೂರ್ತಿ ಇತ್ತು. ಆವತ್ತು ಚಂದ್ರ ಇರಲಿಲ್ಲ, ಸಮುದ್ರ ಕನ್ನಡಿಯ ಹಾಗೆ ಶಾಂತವಾಗಿತ್ತು. ಅಲೆ ಇದ್ದಿದ್ದರೆ ಗಡ್ಡೆಯ ಬುಡಕ್ಕೆ ಬಡಿದು ಬಿಳಿ ನೊರೆ ಕಾಣುತ್ತಿತ್ತು. ಅದೂ ಇಲ್ಲ. ಹಡಗಿನ ವೇಗವನ್ನು ಮಾತ್ರ ಯಾರೂ ತಗ್ಗಿಸಿರಲಿಲ್ಲ.

ಜಯನಗರ_4ನೇ_ಟಿ
ಅವರ ಹತ್ತಿರ ಬೈನಾಕ್ಯುಲರ್ ಇರಲಿಲ್ಲ ಅಲ್ವಾ? ಅದೇ ಮುಖ್ಯ ಕಾರಣ.

ಮೂರನೇ_ಮೇಟ್
ಇರಲಿಲ್ಲ, ನಿಜ. ಬೈನಾಕ್ಯುಲರ್ ಇದ್ದಿದ್ದರೆ ತಪ್ಪಿಸಿಕೊಳ್ಳುವಷ್ಟು ಮೊದಲೇ ಕಾಣುತ್ತಿತ್ತು ಅಂತ ಫ್ಲೀಟ್ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಹೇಳಿದರು. ಆದರೆ ಈ ಕೆಲಸ ಮಾಡುವ ಹಲವರು ಇದನ್ನು ಒಪ್ಪಲ್ಲ, ನಾನೂ ಒಪ್ಪಲ್ಲ. ಬೈನಾಕ್ಯುಲರ್ ಹಿಡಿದರೆ ಒಂದು ಚಿಕ್ಕ ವೃತ್ತ ಮಾತ್ರ ಕಾಣುತ್ತೆ, ಉಳಿದ ದಿಗಂತ ಕಣ್ಣಿಂದ ಆಚೆ. ಮೊದಲು ಬರಿಗಣ್ಣಲ್ಲಿ ಹುಡುಕಬೇಕು. ಏನೋ ಇದೆ ಅಂತ ಗೊತ್ತಾದ ಮೇಲೆ ಅದೇನು ಅಂತ ನೋಡೋಕೆ ಬೈನಾಕ್ಯುಲರ್.

ಮಲ್ಪೆ_ಬಂದರು
ಇದನ್ನು ಒಪ್ಪುತ್ತೇನೆ. ನಮ್ಮ ಮೀನು ಬೋಟು ನಡೆಸುವ ತಾಂಡೇಲರು ಬೈನಾಕ್ಯುಲರ್ ಇದ್ದರೂ ಕುತ್ತಿಗೆಗೆ ನೇತುಹಾಕಿಕೊಂಡಿರ್ತಾರೆ ಅಷ್ಟೆ. ಹಗಲಾದರೆ ಹಕ್ಕಿ ಎಲ್ಲಿ ಮುಗಿಬೀಳುತ್ತಿವೆ ನೋಡ್ತಾರೆ, ನೀರಿನ ಬಣ್ಣ ನೋಡ್ತಾರೆ. ಕತ್ತಲ ರಾತ್ರಿ ಬಂಗುಡೆ ಗುಂಪು ಸಾಗಿದ ಕಡೆ ನೀರು ಬೆಳ್ಳಗೆ ಮಿನುಗುತ್ತೆ. ಎಂಜಿನ್ ನಿಲ್ಲಿಸಿ, ದೀಪ ಆರಿಸಿ ಕಾಯ್ತಾರೆ. ನಾನು ಪಕ್ಕದಲ್ಲೇ ನಿಂತರೂ ನನಗೆ ಬರೀ ಕಪ್ಪು ನೀರು. ಅವರು ಕೈ ತೋರಿಸಿ 'ಅಲ್ಲಿ' ಅಂದ ಮೇಲೇ ಕಾಣೋದು.

ಐಸಿಯು_ಸಿಸ್ಟರ್
ಎಚ್ಚರಿಕೆ ಜಾಸ್ತಿ ಆದರೂ ಕಷ್ಟವೇ. ನಾನು ನರ್ಸ್. ಐಸಿಯುನಲ್ಲಿ ಪ್ರತಿ ಹಾಸಿಗೆಯ ಮಾನಿಟರ್ ಬಡ್ಕೊಳ್ತಾನೇ ಇರುತ್ತೆ. ಆಮ್ಲಜನಕ ಅಳೆಯೋ ಕ್ಲಿಪ್ ರೋಗಿಯ ಬೆರಳಿಂದ ಜಾರಿದರೂ ಕೂಗು, ರೋಗಿ ಮಗ್ಗುಲು ಬದಲಿಸಿದರೂ ಕೂಗು. ಹೊಸದಾಗಿ ಬಂದ ಹುಡುಗಿಯರು ಮೊದಮೊದಲು ಪ್ರತಿ ಸದ್ದಿಗೂ ಓಡ್ತಾರೆ. ಕೆಲವು ವಾರ ಆದ ಮೇಲೆ ಕಿವಿಯೇ ಅದನ್ನು ಬಿಟ್ಟುಬಿಡುತ್ತೆ. ಅಲಾರಂ ದಣಿವು ಅಂತ ಇದಕ್ಕೆ ಹೆಸರೇ ಇದೆ, ಜಗತ್ತಿನ ಎಲ್ಲ ಆಸ್ಪತ್ರೆಗಳ ತೊಂದರೆ.

ಇಂಗ್ಲಿಷಿನಲ್ಲಿ 'ಕ್ರೈ ವುಲ್ಫ್' ಅಂತಾರಲ್ಲ, ತೋಳ ಬಂತು ತೋಳ ಕತೆ, ಅದೇ ಇದು. ನಿಮ್ಮ ಗೋಡೆ ತುಂಬ ಬೋರ್ಡ್ ಹಾಕಬೇಡಿ ಅಣ್ಣ. ಎರಡೋ ಮೂರೋ ಸಾಕು.

ಮನಸ್ಸಿನ_ಪಾಠ
ಸಿಸ್ಟರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳಲ್ಲಿ ರೇಡಾರ್ ಪರದೆ ನೋಡಿ ಜಲಾಂತರ್ಗಾಮಿ ಹುಡುಕುವವರು ಹೊತ್ತು ಕಳೆದ ಹಾಗೆ ಗುರುತುಗಳನ್ನು ತಪ್ಪಿಸಿಬಿಡುತ್ತಿದ್ದರು. ಅದನ್ನು ಅಳೆಯೋಕೆ ನಾರ್ಮನ್ ಮ್ಯಾಕ್‌ವರ್ತ್ ಒಂದು ಪ್ರಯೋಗ ಮಾಡಿದರು, ಫಲಿತಾಂಶ 1948ರಲ್ಲಿ ಪ್ರಕಟ ಆಯಿತು. ಗಡಿಯಾರದಂಥ ಬಿಳಿ ತಟ್ಟೆ, ಒಂದೇ ಮುಳ್ಳು. ಮುಳ್ಳು ಸೆಕೆಂಡಿಗೆ ಒಂದು ಸಲ ಹಾರುತ್ತೆ. ಯಾವಾಗಲೋ ಒಮ್ಮೆ ಎರಡು ಪಟ್ಟು ಹಾರುತ್ತೆ, ಆಗ ಗುಂಡಿ ಒತ್ತಬೇಕು. ಎರಡು ಗಂಟೆ ಇದೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದ ಹಾಗೆ ತಪ್ಪು ಏರಿತು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಕೊಟ್ಟಾಗ ಆ ಕುಸಿತ ಕಾಣಲಿಲ್ಲ.

ಇದರಲ್ಲಿ ಸೋಮಾರಿತನದ ಮಾತೇ ಇಲ್ಲ, ಮನುಷ್ಯರ ಮೆದುಳು ಇರೋದೇ ಹೀಗೆ. 'ಮೈಯೆಲ್ಲ ಕಣ್ಣಾಗಿರಿ' ಅಂತ ಎಂಟು ಗಂಟೆಯ ಪಾಳಿಯವರಿಗೆ ಹೇಳೋದು, ಎಂಟು ಗಂಟೆ ಓಡುತ್ತಲೇ ಇರಿ ಅಂದಷ್ಟೇ ಕಷ್ಟದ ಮಾತು.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು
ಅಯ್ಯೋ, ಹಾಗಾದರೆ ಗಾದೆ, ನುಡಿಗಟ್ಟುಗಳೇ ಬೇಡವಾ? ನಮ್ಮ ಹಿರಿಯರು 'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ' ಅಂತಾರೆ. ಇಂಗ್ಲಿಷರು ಕುದುರೆ ಕಳುವಾದ ಮೇಲೆ ಲಾಯದ ಬಾಗಿಲು ಹಾಕಿದ ಹಾಗೆ ಅಂತಾರೆ. ಇಂಥ ಮಾತು ಮನಸ್ಸಿನಲ್ಲಿ ನಿಲ್ಲುತ್ತೆ. ಸುಮ್ನೆ 'ಹೀಗೆ ಮಾಡಿ, ಹಾಗೆ ಮಾಡಬೇಡಿ' ಅಂದರೆ ಯಾರ ತಲೆಗೂ ಹತ್ತಲ್ಲ. ನಾನು ಮಕ್ಕಳಿಗೆ ಪಾಠ ಮಾಡಿದವನು, ಅನುಭವದಿಂದ ಹೇಳ್ತಿದ್ದೇನೆ.

ಪದಕೋಶ_ಪ್ರಿಯೆ
ಮೇಷ್ಟ್ರೇ, ತರಗತಿಗೆ ನೀವು ಹೇಳಿದ್ದು ಸರಿ. ಯಂತ್ರದ ಮುಂದೆ ಬೇರೆ ಲೆಕ್ಕ. ಇಲ್ಲಿ ಬಂದ ಮಾತುಗಳನ್ನೇ ನೋಡಿ. ಗಾಳಿ ಬರುವ ಪಕ್ಕ ನೋಡು. ಪಾಯಿಂಟ್ ಹತ್ತಿರ ತೂಕಡಿಸಬೇಡ. ಚೆಂಡಿನ ಮೇಲೆ ಕಣ್ಣಿಡು. ಹುಟ್ಟಿದಾಗ ಇವೆಲ್ಲ ಒಬ್ಬ ಕೆಲಸಗಾರನಿಗೆ ಕೊಟ್ಟ ಖಚಿತ ಸೂಚನೆಗಳು. ಆ ಹಡಗು, ಆ ಹಳಿ, ಆ ಮೈದಾನ ಬಿಟ್ಟು ಆಫೀಸಿನ ಭಾಷಣಕ್ಕೆ ಬಂದ ಮೇಲೆ ಅವುಗಳಲ್ಲಿ 'ಹುಷಾರು' ಅನ್ನೋದಷ್ಟೇ ಉಳಿಯಿತು. ಆ ಉಳಿದಿದ್ದನ್ನು ಅನುವಾದ ಮಾಡೋದರಿಂದ ಏನೂ ಸಿಗಲ್ಲ. ಮೂಲದವರು ಮಾಡಿದ ಹಾಗೆ ಪ್ರೆಸ್ ಶಾಪ್‌ಗೆ ಪ್ರೆಸ್ ಶಾಪಿನ ಸೂಚನೆ ಬರೆಯಬೇಕು.

ಬನಶಂಕರಿ_ಓದುಗ
ಇದು ನನಗೂ ಸರಿ ಅನ್ನಿಸ್ತು. 'ಕೀಪ್ ಯುವರ್ ಪೌಡರ್ ಡ್ರೈ' ಕೂಡ ಹಾಗೇ, ಬಂದೂಕಿನ ಮದ್ದು ಒದ್ದೆಯಾಗದ ಹಾಗೆ ನೋಡಿಕೊ ಅಂತ. ಕ್ರಾಮ್‌ವೆಲ್ ಹೇಳಿದ್ದು ಅಂತಾರೆ. ಮಾತು ಯಾರದ್ದೇ ಇರಲಿ, ಅದರ ಅರ್ಥ ನೋಡಬೇಕಾದರೆ 1757ರ ಪ್ಲಾಸಿ ಕದನ ಓದಬೇಕು. ಜೂನ್ 23, ಮಧ್ಯಾಹ್ನ ಜೋರು ಮಳೆ. ಕಂಪನಿಯವರು ತಮ್ಮ ಮದ್ದಿಗೆ ಟಾರ್ಪಾಲು ಹೊದಿಸಿದರು. ನವಾಬನ ಕಡೆಯ ಮದ್ದು ತೊಯ್ದುಹೋಯಿತು. ಮಳೆ ನಿಂತ ಮೇಲೆ ಎದುರಾಳಿಯ ತೋಪುಗಳೂ ಸತ್ತಿವೆ ಅಂದುಕೊಂಡು ನವಾಬನ ಕುದುರೆ ಪಡೆ ನುಗ್ಗಿತು, ಗುಂಡಿಗೆ ಬಲಿಯಾಯಿತು. ಮೀರ್ ಜಾಫರನ ದ್ರೋಹ ಎಲ್ಲರಿಗೂ ಗೊತ್ತು, ಟಾರ್ಪಾಲಿನ ವಿಷಯ ಕಡಿಮೆ ಜನಕ್ಕೆ ಗೊತ್ತು.

ಬ್ಯಾಂಕ್_ರಿಟೈರ್ಡ್
ವಿಷಯ ಸ್ವಲ್ಪ ಬೇರೆ. ನಮ್ಮ ಬ್ಯಾಂಕಿನಲ್ಲಿ ಪ್ರತಿ ವರ್ಷ ಸರ್ದಾರ್ ಪಟೇಲರ ಜನ್ಮದಿನ ಬರುವ ವಾರ ಜಾಗೃತಿ ಸಪ್ತಾಹ ಮಾಡ್ತಿದ್ವಿ. ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ ಎಲ್ಲ. ಬ್ಯಾನರ್ ಮೇಲೆ ತಪ್ಪದೆ ಒಂದು ಸಾಲು ಇರ್ತಿತ್ತು, 'ಎಟರ್ನಲ್ ವಿಜಿಲೆನ್ಸ್ ಈಸ್ ದ ಪ್ರೈಸ್ ಆಫ್ ಲಿಬರ್ಟಿ', ಕೆಳಗೆ ಥಾಮಸ್ ಜೆಫರ್ಸನ್ ಅಂತ. ಸದಾ ಎಚ್ಚರವಾಗಿರುವುದೇ ಸ್ವಾತಂತ್ರ್ಯಕ್ಕೆ ತೆರುವ ಬೆಲೆ. ಎಂಥ ಮಾತು!

ಡಬ್ಲಿನ್_ಕನ್ನಡತಿ
ಮಾತು ದೊಡ್ಡದೇ ಸರ್, ಹೆಸರು ಮಾತ್ರ ಬೇರೆ. ಜೆಫರ್ಸನ್ ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ. ಇದರ ಬೇರು ಇರೋದು ನಾನು ಈಗಿರುವ ಊರಲ್ಲಿ. ಐರ್ಲೆಂಡಿನ ವಕೀಲ ಜಾನ್ ಫಿಲ್ಪಾಟ್ ಕರನ್ 1790ರಲ್ಲಿ ಡಬ್ಲಿನ್ನಿನ ಮೇಯರ್ ಆಯ್ಕೆಯ ಹಕ್ಕಿನ ಬಗ್ಗೆ ವಾದ ಮಾಡುವಾಗ ಹೇಳಿದ್ದು. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿರೋದು ಸದಾ ಎಚ್ಚರ ಇರಬೇಕು ಅನ್ನೋ ಷರತ್ತಿನ ಮೇಲೆ, ಆ ಷರತ್ತು ಮುರಿದರೆ ಗುಲಾಮಗಿರಿಯೇ ಶಿಕ್ಷೆ ಅಂತ. ಒಂದು ನಗರದ ಮೇಯರ್ ಚುನಾವಣೆ ಬಗ್ಗೆ ಆಡಿದ ಮಾತು ಅನ್ನೋದು ನನಗೆ ಇನ್ನೂ ಇಷ್ಟ. ನಮ್ಮ ವಾರ್ಡ್ ಸಭೆಗೂ ಅನ್ವಯ ಆಗುತ್ತೆ.

ಬ್ಯಾಂಕ್_ರಿಟೈರ್ಡ್
ಬಹಳ ಒಳ್ಳೆ ಮಾಹಿತಿ ತಾಯಿ. ಹಳೇ ಸಹೋದ್ಯೋಗಿಗಳ ಗುಂಪಿಗೆ ಈಗಲೇ ಕಳಿಸ್ತೀನಿ.

ಕೆಜಿಎಫ್_ಮೊಮ್ಮಗಳು
'ಕೆನರಿ ಇನ್ ದ ಕೋಲ್ ಮೈನ್' ಬಗ್ಗೆ ಯಾರೂ ಹೇಳಲಿಲ್ಲ! ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಕೆನರಿ ಅನ್ನೋ ಪುಟ್ಟ ಹಳದಿ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಕ್ಕಿಗೆ ಅದು ಮನುಷ್ಯರಿಗಿಂತ ಬೇಗ ತಾಗುತ್ತೆ. ಹಕ್ಕಿ ಓಲಾಡಿದರೆ ಜನ ಹೊರಗೆ ಓಡಬೇಕು. ಈ ಉಪಾಯ ಹೇಳಿದವರು ಜಾನ್ ಸ್ಕಾಟ್ ಹಾಲ್ಡೇನ್, 1890ರ ದಶಕದಲ್ಲಿ. ಹಕ್ಕಿ ಬಿದ್ದ ಮೇಲೆ ಅದನ್ನು ಬದುಕಿಸೋಕೆ ಪುಟ್ಟ ಆಮ್ಲಜನಕ ಸಿಲಿಂಡರ್ ಕೂರಿಸಿದ ಪಂಜರವೂ ಇತ್ತು. ಬ್ರಿಟನ್ 1986ರಲ್ಲಿ ಹಕ್ಕಿಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಮೀಟರಿಗೆ ಬದಲಾಯಿಸೋಕೆ ತೀರ್ಮಾನಿಸಿತು.

ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿದ್ದರು. 3 ಕಿಲೋಮೀಟರಿಗಿಂತ ಆಳ. ಅಲ್ಲಿನ ಹೆದರಿಕೆ ಬಂಡೆ ಸಿಡಿಯೋದು. ಮೇಲಿನ ಭಾರಕ್ಕೆ ಕಲ್ಲು ಇದ್ದಕ್ಕಿದ್ದ ಹಾಗೆ ಒಡೆದು ಸಿಡಿಯುತ್ತೆ. ತಾತ ಹೇಳ್ತಿದ್ದರು, ಕೆಳಗೆ ಇಳಿದ ಮೇಲೆ ಮಾತು ಕಡಿಮೆ ಮಾಡಬೇಕು, ಕಲ್ಲು ಚಟಚಟ ಅನ್ನೋದು ಕೇಳಿಸಬೇಕು ಅಂತ. ಕಬ್ಬಿಣದ ಸರಳಿನಿಂದ ಚಾವಣಿ ತಟ್ಟಿ ನೋಡ್ತಿದ್ದರಂತೆ. ಗಟ್ಟಿ ಕಲ್ಲಿನ ಸದ್ದು ಬೇರೆ, ಸಡಿಲ ಆದ ಕಲ್ಲಿನ ಸದ್ದು ಬೇರೆ. ಗಣಿ 2001ರಲ್ಲಿ ಮುಚ್ಚಿತು. ಮನೆಗೆ ಬಂದ ಮೇಲೂ ತಾತ ಹೊಸ ಗೋಡೆ ಕಂಡರೆ ತಟ್ಟಿ ನೋಡ್ತಿದ್ದರು.

ಹಳಿ_ಪಕ್ಕದ_ಮನೆ
ನಮ್ಮ ಗ್ಯಾಂಗ್‌ಮನ್‌ಗಳೂ ಮಳೆಗಾಲದಲ್ಲಿ ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಲ್ಲಿ ರಾತ್ರಿ ಹಳಿ ಹಿಡಿದು ನಡೆದೇ ಕಾಯ್ತಾರೆ. ಗುಡ್ಡದಿಂದ ಬರುವ ನೀರು ಕೆಸರಿನ ಬಣ್ಣಕ್ಕೆ ತಿರುಗಿದರೆ, ಸಣ್ಣ ಕಲ್ಲು ಉದುರಿದರೆ ತಕ್ಷಣ ಸುದ್ದಿ ಕೊಡ್ತಾರೆ. ನಿಮ್ಮ ತಾತನ ಥರದವರೇ.

ಚಿತ್ರದುರ್ಗ_ಕೋಟೆ
ಓಬವ್ವನ ಕತೆಯೂ ಇದೇ ಅಲ್ವಾ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಆಕೆ ನೀರಿಗೆ ಹೋದಾಗ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳೋದು ಕಂಡಳು. ಒನಕೆ ಎಲ್ಲರಿಗೂ ನೆನಪಿದೆ. ಕಾವಲು ತಪ್ಪೋದು ಊಟದ ಹೊತ್ತಿಗೆ, ಪಾಳಿ ಬದಲಾಗುವ ಹೊತ್ತಿಗೆ ಅನ್ನೋದು ಮಾತ್ರ ನೆನಪಿಲ್ಲ. ನಿಮ್ಮ ಶಾಪ್‌ನಲ್ಲಿ ಆಪರೇಟರ್ ಟೀಗೆ ಹೋದಾಗ ಯಂತ್ರದ ಹತ್ತಿರ ಯಾರು ಇರ್ತಾರೆ?

ಪ್ರೆಸ್‌ಶಾಪ್_ಸಿ_ಶಿಫ್ಟ್
ಒಳ್ಳೆ ಪ್ರಶ್ನೆ. ಹೆಲ್ಪರ್ ಇರ್ತಾನೆ, ಕೆಲವೊಮ್ಮೆ ಅವನೇ ಪ್ರೆಸ್ ಓಡಿಸೋಕೆ ನೋಡ್ತಾನೆ. ಅದನ್ನು ಬರೆದುಕೊಂಡೆ.

ನಮ್ಮಲ್ಲಿ ಆಗೋದನ್ನು ವಿವರವಾಗಿ ಹೇಳ್ತೀನಿ, ಆಗ ನಿಮಗೂ ಸಲಹೆ ಕೊಡೋಕೆ ಸುಲಭ. ಪ್ರೆಸ್‌ಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ತಗಡನ್ನು ಒತ್ತುವ ಭಾರದ ತಲೆ, ಅಂದ್ರೆ ರ‍್ಯಾಮ್ ಕೆಳಗೆ ಬರುತ್ತೆ. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರೋಕೆ ಸಾಧ್ಯ ಇಲ್ಲ, ಅದೇ ಲೆಕ್ಕ. ಆದರೆ ರಾತ್ರಿ ಪಾಳಿಯಲ್ಲಿ ಒಂದು ಬಟನ್ ಪಕ್ಕ ತಗಡಿನ ಚೂರು ಸಿಕ್ಕಿಸಿ ಅದು ಒತ್ತಿಕೊಂಡೇ ಇರುವ ಹಾಗೆ ಮಾಡ್ತಾರೆ. ಒಂದು ಕೈಯಲ್ಲಿ ಒತ್ತೋದು, ಇನ್ನೊಂದು ಕೈಯಲ್ಲಿ ತಗಡು ತಳ್ಳೋದು. ಮೊನ್ನೆ ನಾನೇ ಒಂದು ಚೂರು ಕಿತ್ತೆ. ಸ್ಕ್ರ್ಯಾಪ್‌ನಿಂದ ಕತ್ತರಿಸಿ, ಅಂಚು ಚೆನ್ನಾಗಿ ಉಜ್ಜಿ, ಬಟನ್ ಅಳತೆಗೆ ಸರಿಯಾಗಿ ಬಾಗಿಸಿದ್ದರು. ಯಾರೋ ಕೂತು ತಾಳ್ಮೆಯಿಂದ ಮಾಡಿದ ಕೆಲಸ ಅದು.

ರಾತ್ರಿಪಾಳಿ_ಹುಡುಗ
ಅಣ್ಣಾ, ನಾನೂ ಪ್ರೆಸ್ ಆಪರೇಟರೇ, ಬೇರೆ ಕಂಪನಿ. ಬೋರ್ಡ್ ಕನ್ನಡ ಸರಿ ಮಾಡಿ, ಬಹಳ ಸಂತೋಷ. ಆದರೆ ಆ ಚೂರು ಯಾಕೆ ಬಂತು ಅಂತ ಯಾರಾದರೂ ಕೇಳಿದಿರಾ? ಟಾರ್ಗೆಟ್ ಅಣ್ಣಾ, ಟಾರ್ಗೆಟ್. ಪೀಸ್ ಕಮ್ಮಿ ಆದರೆ ಇನ್ಸೆಂಟಿವ್ ಕಟ್. ಎರಡು ಕೈಯಲ್ಲಿ ಒತ್ತಿದರೆ ಆ ಲೆಕ್ಕ ಮುಟ್ಟೋದೇ ಇಲ್ಲ. ನಮಗೆ ನಿದ್ದೆ ಇರಲ್ಲ, ಎಚ್ಚರವೇ ಇರ್ತೀವಿ. ಎಚ್ಚರ ಇದ್ದೇ ಆ ಚೂರು ಸಿಕ್ಕಿಸ್ತೀವಿ.

ಮನಸ್ಸಿನ_ಪಾಠ
ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ.

ಜಯನಗರ_4ನೇ_ಟಿ
ನಿಯಮ ಮುರಿಯೋರನ್ನು ಸಮರ್ಥಿಸೋದು ಎಷ್ಟು ಸರಿ? ಬೆರಳು ಅವರದ್ದೇ ಅಲ್ವಾ?

ರಾತ್ರಿಪಾಳಿ_ಹುಡುಗ
ಬೆರಳು ನಮ್ಮದೇ ಸರ್. ಅದಕ್ಕೇ ಕೇಳ್ತಿರೋದು, ಎರಡು ಕೈಯಲ್ಲಿ ಎಷ್ಟು ಪೀಸ್ ಆಗುತ್ತೋ ಅಷ್ಟನ್ನೇ ಟಾರ್ಗೆಟ್ ಮಾಡಿ ಅಂತ.

ಮೂರನೇ_ಮೇಟ್
ಹುಡುಗ ಹೇಳಿದ್ದು ಹಡಗಿಗೂ ನಿಜ. ಕಾವಲಿನವರು ಅಲುಗಾಡದೆ ಕೂತರೆ ಕೂಗುವ ಅಲಾರಂ ನಮ್ಮ ಬ್ರಿಜ್ ಮೇಲೂ ಇದೆ. ಅದನ್ನು 3ರಿಂದ 12 ನಿಮಿಷದ ನಡುವೆ ಒಂದು ಅವಧಿಗೆ ಹೊಂದಿಸಿರ್ತಾರೆ, ಅಷ್ಟರೊಳಗೆ ಒಂದು ಬಟನ್ ಒತ್ತಬೇಕು. ಜನ ಕಮ್ಮಿ ಇಟ್ಟು ಪಾಳಿ ಉದ್ದ ಮಾಡಿದ ಹಡಗಿನಲ್ಲಿ ಆ ಅಲಾರಮ್ಮನ್ನೇ ಆಫ್ ಮಾಡಿ ಮಲಗಿದ್ದು ತನಿಖೆಗಳಲ್ಲಿ ಹೊರಗೆ ಬಂದಿದೆ. ದಣಿದವನ ಮುಂದೆ ಯಾವ ಸಾಧನವೂ ನಿಲ್ಲಲ್ಲ.

ಪ್ರೆಸ್‌ಶಾಪ್_ಸಿ_ಶಿಫ್ಟ್
@ರಾತ್ರಿಪಾಳಿ_ಹುಡುಗ ತಮ್ಮಾ, ನೀನು ಹೇಳಿದ್ದನ್ನು ಮ್ಯಾನೇಜರ್ ಮುಂದೆ ಇಟ್ಟೆ. ಎರಡು ಕೈಯಲ್ಲಿ ಓಡಿಸಿ ಗಂಟೆಗೆ ಎಷ್ಟು ಪೀಸ್ ಅಂತ ಈ ವಾರ ಅಳೆದು ಕೊಡೋಕೆ ಹೇಳಿದ್ದಾರೆ. ಟಾರ್ಗೆಟ್ ಇಳಿಸ್ತಾರೆ ಅಂತ ಮಾತು ಕೊಟ್ಟಿಲ್ಲ. ಆದರೆ ಅಂಕಿ ಕೈಯಲ್ಲಿದ್ದರೆ ನಾನು ಬಿಡೋನಲ್ಲ.

ಬೋರ್ಡ್‌ಗಳನ್ನು ಮೂರಕ್ಕೆ ಇಳಿಸಿದ್ದೇನೆ. ನೋಡಿ ಹೇಳಿ:

ಎರಡೂ ಬಟನ್, ಎರಡೂ ಕೈ. ಬಟನ್ ಪಕ್ಕ ಚೂರು ಕಂಡರೆ ಪ್ರೆಸ್ ನಿಲ್ಲಿಸಿ, ಸೂಪರ್‌ವೈಸರ್ ಕರೆಯಿರಿ.

ಸಿಕ್ಕಿಕೊಂಡ ತಗಡಿಗೆ ಕೈ ಹಾಕಬೇಡಿ. ಇಕ್ಕಳ ಎಡಗಡೆ ಕೊಕ್ಕೆಯಲ್ಲಿದೆ.

ಡೈ ಬದಲಿಸುವ ಮೊದಲು ಮೇನ್ ಆಫ್ ಮಾಡಿ, ಬೀಗ ಹಾಕಿ. ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು
ಚೆನ್ನಾಗಿದೆ, ಮನಸಾರೆ ಹೇಳ್ತೀನಿ. ಇಕ್ಕಳ ಎಲ್ಲಿದೆ ಅಂತ ಬರೆದಿದ್ದು ಬಹಳ ಹಿಡಿಸಿತು. 'ಸುರಕ್ಷತೆಯನ್ನು ಕಾಪಾಡಿ' ಅಂತ ಎಲ್ಲೂ ಇಲ್ಲ, ಅದಕ್ಕೂ ಸಂತೋಷ.

ರಾಯಚೂರ್_ಮಂದಿ
ನಮ್ ಕಡಿ ಹುಡುಗ್ರು ಅದಾರ ಅಂದ್ರಿ. ಮ್ಯಾಲ 'ಜ್ವಾಕಿ' ಅಂತ ದೊಡ್ಡದಾಗಿ ಬರೀರಿ. ಅವ್ವ ಹೊರಗ ಕಳಿಸುವಾಗ ಅನ್ನೋ ಮಾತು ಅದು, ಓದಿದ ಕೂಡಲೇ ನಿಲ್ತಾರ.

ಐಸಿಯು_ಸಿಸ್ಟರ್
ಮೂರೇ ಬೋರ್ಡ್, ಒಳ್ಳೇದಾಯ್ತು. ಆಗಾಗ ಬಣ್ಣ ಅಥವಾ ಜಾಗ ಬದಲಿಸಿ ಅಣ್ಣ, ಇಲ್ಲದಿದ್ದರೆ ಇವೂ ಗೋಡೆಯಲ್ಲಿ ಸೇರಿಹೋಗುತ್ತವೆ.

ಟೂಲ್‌ರೂಮ್_ಪೀಣ್ಯ
ಮೂರನೆಯದು ಸಾಲದು. ಮೆಕ್ಯಾನಿಕಲ್ ಪ್ರೆಸ್ ಆದರೆ ಮೇನ್ ಆಫ್ ಮಾಡಿದ ಮೇಲೂ ಫ್ಲೈವೀಲ್ ಅನ್ನೋ ಭಾರದ ಚಕ್ರ ಸುಮಾರು ಹೊತ್ತು ತಿರುಗುತ್ತಲೇ ಇರುತ್ತೆ. ಆಗ ಕ್ಲಚ್ ಹಿಡಿದರೆ ರ‍್ಯಾಮ್ ಬಂದೇ ಬರುತ್ತೆ, ಕರೆಂಟ್ ಬೇಕಾಗಿಲ್ಲ. ಬೀಗ ಹಾಕಿದ್ದೀನಿ ಅಂತ ಧೈರ್ಯವಾಗಿ ಕೈ ಇಡೋರೇ ಜಾಸ್ತಿ. ಹಾಗಾಗಿ 'ಫ್ಲೈವೀಲ್ ಪೂರ್ತಿ ನಿಂತದ್ದನ್ನು ನೋಡಿ, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ' ಅಂತ ಸೇರಿಸಿ. ಬ್ಲಾಕ್ ಎಲ್ಲಿದೆ ಅಂತಲೂ ಬರೆಯಿರಿ, ಇಕ್ಕಳಕ್ಕೆ ಬರೆದ ಹಾಗೆ.

ಪ್ರೆಸ್‌ಶಾಪ್_ಸಿ_ಶಿಫ್ಟ್
ಸೇರಿಸಿದೆ. 'ಜ್ವಾಕಿ' ಮೂರರ ಮೇಲೂ ಕೆಂಪಿನಲ್ಲಿ ಬರುತ್ತೆ. ಸೇಫ್ಟಿ ಬ್ಲಾಕ್ ಈಗ ಟೂಲ್‌ರೂಮ್ ಬೀರುವಿನಲ್ಲಿದೆ, ರಾತ್ರಿ ಅದಕ್ಕೆ ಬೀಗ. ಪ್ರತಿ ಪ್ರೆಸ್ ಪಕ್ಕ ಒಂದು ಸ್ಟ್ಯಾಂಡ್ ಮಾಡಿಸೋಕೆ ಇವತ್ತೇ ಇಂಡೆಂಟ್ ಹಾಕಿದ್ದೇನೆ. ಪೇಂಟರ್ ಸೋಮವಾರ ಬರ್ತಾರೆ.